ಬಲಮೂಲೆಯ ಹುಡುಗ

ಕಾವೇರಿಯ ದಡದಲ್ಲಿ ಜವರಪ್ಪನವರದೊಂದು ಕಬಡ್ಡಿ ಅಂಕಣವಿತ್ತು. ಗೋಡೆಯಿಲ್ಲ, ಬೋರ್ಡಿಲ್ಲ. ಒಂದು ಹೊಂಗೆ ಮರ, ಒಂದು ಗುಡಿಸಲು, ಹದ ಮಾಡಿದ ಮಣ್ಣು, ಅಷ್ಟೆ.

ಆದರೂ ಆಟಗಾರರ ಹರಾಜು ಹತ್ತಿರ ಬಂತೆಂದರೆ ದೊಡ್ಡ ದೊಡ್ಡ ತಂಡದವರು ಕಾರು ಮಾಡಿಕೊಂಡು ಅಲ್ಲಿಗೆ ಬರುತ್ತಿದ್ದರು. ಯಾವುದೋ ಕಾಲೇಜಿನ ಹುಡುಗನ ಹೆಸರು ಹೇಳಿ, "ಇವನು ಆಗ್ತಾನಾ ಗುರುಗಳೇ?" ಎಂದು ಕೇಳುತ್ತಿದ್ದರು. ಜವರಪ್ಪನವರು ಆಗುತ್ತಾನೆ ಎಂದರೆ ಆ ಹುಡುಗ ದಡ ಸೇರಿದ ಹಾಗೆ. ಆಗಲ್ಲ ಎಂದರೆ ಹರಾಜಿನಲ್ಲಿ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಆಟಗಾರನನ್ನು ನೋಡಿ ಬಂದವನು ಬಾಯಲ್ಲಿ ಹೇಳುವಂತಿಲ್ಲ. ಅಂಕಣಕ್ಕಿಳಿದು, ಅವನೇ ಆಗಿ, ಆಡಿ ತೋರಿಸಬೇಕು.

ಗುರುಗಳ ಕಣ್ಣಿಗೆ ಪೊರೆ ಬಂದ ಮೇಲೆ ದೂರದ್ದು ಕಾಣುತ್ತಿರಲಿಲ್ಲ, ಹತ್ತಿರದ್ದಷ್ಟೇ ಕಾಣುತ್ತಿತ್ತು. ಹಾಗಾಗಿ ಊರೂರಿಗೆ ಹೋಗಿ ನೋಡಿ ಬರುವ ಕೆಲಸ ಶಿಷ್ಯ ಕೆಂಪರಾಜುವಿನ ಪಾಲಿಗೆ ಬಂದಿತ್ತು.

ಕೆಂಪರಾಜುವೂ ಒಂದು ಕಾಲಕ್ಕೆ ಬಲಮೂಲೆಯಲ್ಲಿ ನಿಂತು ಹಿಡಿಯುತ್ತಿದ್ದವನೇ. ದಾಳಿಗೆ ಬಂದವನ ಕಾಲು ಇವನ ಕೈಗೆ ಸಿಕ್ಕಿತೆಂದರೆ ಮುಗಿಯಿತು. ಇವನ ಹೆಸರೂ ಹರಾಜಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಮಂಡಿ ಮುರಿಯಿತು, ಹರಾಜು ಇವನನ್ನು ಬಿಟ್ಟು ನಡೆಯಿತು.

ಈ ವರ್ಷ ಒಂದು ತಂಡದ ಮ್ಯಾನೇಜರು ವಿಚಾರಿಸಿದ್ದು ಲೋಹಿತ ಎಂಬ ಹುಡುಗನನ್ನು. ಅವನೂ ಬಲಮೂಲೆಯವನು.

"ಹೋಗಿ ನೋಡ್ಕೊಂಡು ಬಾ," ಎಂದರು ಗುರುಗಳು.

ಕೆಂಪರಾಜು ಹೋದ. ಹುಡುಗ ಮೊದಲನೇ ಸಲ ಕಾಲು ಹಿಡಿದಾಗ ಇವನ ಎದೆಯಲ್ಲಿ ಚುರ್ ಎಂದಿತು. ಎರಡನೇ ಸಲಕ್ಕೆ ಅದು ಹೊಟ್ಟೆಗಿಳಿಯಿತು. ಸುತ್ತ ಕೂತವರು ಶಿಳ್ಳೆ ಹೊಡೆದರು, ಕಡಲೆಕಾಯಿ ತಿಂದರು, ಮೊಬೈಲು ನೋಡಿದರು. ಇವನು ಹುಡುಗನ ಮೇಲಿಂದ ಕಣ್ಣು ತೆಗೆಯಲಿಲ್ಲ.

ನನ್ನ ಜಾಗ ಅದು, ಎಂದುಕೊಂಡ. ಅಲ್ಲಿ ನಾನು ನಿಂತಿರಬೇಕಿತ್ತು.

ಹಿಂದಿರುಗಿದವನು ಅಂಕಣದೊಳಕ್ಕೆ ಕಾಲಿಡಲಿಲ್ಲ. ಗೆರೆಯಾಚೆಯೇ ನಿಂತು, "ಆಗಲ್ಲ ಗುರುಗಳೇ," ಎಂದ.

"ಯಾಕಪ್ಪ?"

"ಅವಸರ ಜಾಸ್ತಿ. ದಾಳಿಗೆ ಬಂದವ್ನು ಹಿಂದಕ್ಕೆ ತಿರುಗೋಕೂ ಬಿಡಲ್ಲ, ಮೊದ್ಲೇ ಹೋಗಿ ಬಿದ್ದುಬುಡ್ತಾನೆ."

"ಆಡಿ ತೋರ್ಸು."

"ಮಂಡಿ ನೋಯ್ತಾ ಅದೆ. ಬಾಯಲ್ಲೇ ಹೇಳ್ಬುಡ್ತೀನಿ."

ಗುರುಗಳು ಅವನ ಮುಖ ನೋಡಿದರು. ಬೈಯಲಿಲ್ಲ.

"ಹಂಗಾರೆ ಇನ್ನೊಂದ್ಸಲ ನೋಡ್ಕೊಂಡು ಬಾ."

ಈ ಸಲ ಕೆಂಪರಾಜು ಹೋದದ್ದೇ ತಪ್ಪು ಹುಡುಕಲಿಕ್ಕೆ. ದೇವರು ದೊಡ್ಡವನು, ಒಂದು ಸಿಕ್ಕಿತು ಕೂಡ. ಹುಡುಗನ ಎಡಗೈ ಜಾರಿತು, ದಾಳಿಗಾರ ತಪ್ಪಿಸಿಕೊಂಡು ಗೆರೆ ದಾಟಿದ. ಕೆಂಪರಾಜುವಿಗೆ ಹಬ್ಬದೂಟ ಮಾಡಿದಷ್ಟು ಖುಷಿಯಾಯಿತು.

ಆದರೆ ಹುಡುಗ ಯಾರ ಮುಖವನ್ನೂ ನೋಡಲಿಲ್ಲ, ಯಾರ ಮೇಲೂ ತಪ್ಪು ಹಾಕಲಿಲ್ಲ. ಅಂಗೈಗೆ ಮಣ್ಣು ಉಜ್ಜಿಕೊಂಡು ತನ್ನ ಮೂಲೆಗೆ ಹೋಗಿ ನಿಂತ. ಮುಂದಿನ ದಾಳಿ ಎಡಗಡೆಗೆ ಹೋಯಿತು. ಆಟವೆಲ್ಲ ಅಲ್ಲೇ ನಡೆಯುತ್ತಿತ್ತು, ಎಲ್ಲರ ಕಣ್ಣೂ ಅಲ್ಲೇ. ಈ ಹುಡುಗ ಮಾತ್ರ ಬಲಗಡೆಯಿಂದ ಸದ್ದಿಲ್ಲದೆ ಒಳಕ್ಕೆ ಸರಿಯುತ್ತ, ದಾಳಿಗಾರ ಹಿಂದಿರುಗುವ ದಾರಿಯನ್ನೇ ಮುಚ್ಚುತ್ತಿದ್ದ. ಅದನ್ನು ಕಂಡವನು ಕೆಂಪರಾಜು ಒಬ್ಬನೇ. ಕಂಡು, ಹುಡುಗನನ್ನು ಮನಸಾರೆ ಶಪಿಸಿದ.

ಆಟ ಮುಗಿದ ಮೇಲೆ ಹುಡುಗನೇ ಹತ್ತಿರ ಬಂದ. ಕೈಯಲ್ಲಿದ್ದ ನೀರಿನ ಬಾಟಲಿ ಚಾಚಿದ.

"ಅಣ್ಣ, ಮೊನ್ನೇನೂ ಬಂದಿದ್ರಿ ಅಲ್ವಾ? ಬಿಸಿಲಲ್ಲೇ ಕೂತಿದ್ರಿ. ನೀವೂ ಆಡ್ತಿದ್ರಾ?"

ಹುಡುಗನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಗೊತ್ತಿಲ್ಲದೆ ಕೇಳಿದ್ದ. ಕುಚೋದ್ಯವಿದ್ದಿದ್ದರೆ ಕೆಂಪರಾಜುವಿಗೆ ಸುಲಭವಾಗುತ್ತಿತ್ತು.

"ಇಲ್ಲ ಕಣಪ್ಪ," ಎಂದ. ನೀರು ಕುಡಿಯಲಿಲ್ಲ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ಅವನನ್ನು ಕುಕ್ಕುತ್ತಿತ್ತು. ಇಷ್ಟು ಬೇಗ ಎಲ್ಲರೂ ನನ್ನನ್ನು ಮರೆತುಬಿಟ್ಟರೇ? ಇವನ ಹೆಸರನ್ನು ಮಾತ್ರ ನಾಳೆ ಊರೆಲ್ಲ ಕೂಗಬೇಕೇ? ಇವನಿಗೂ ಗೊತ್ತಾಗಲಿ, ಹೊರಗೆ ಕೂತು ನೋಡುವುದು ಹೇಗಿರುತ್ತದೆ ಎಂದು. ಬಸ್ಸಿಳಿಯುವ ಹೊತ್ತಿಗೆ ಹೇಳಬೇಕಾದ ಮಾತು ತಯಾರಾಗಿತ್ತು.

ಹೊಂಗೆ ಮರದ ಕೆಳಗೆ ತಂಡದ ಮ್ಯಾನೇಜರು ಆಗಲೇ ಬಂದು ಕೂತಿದ್ದರು.

"ಏನಂತಾನಪ್ಪ ನಮ್ಮ ಬಲಮೂಲೆ?" ಎಂದರು.

"ಆಗಲ್ಲ ಸ್ವಾಮಿ. ಅವಸರ ಅನ್ನೋದು ಹಂಗಿರ್ಲಿ, ಪೊಗರೂ ಅದೆ. ಹಿರೀಕರು ಕಿರೀಕರು ಅಂತ ನೋಡಲ್ಲ."

ಮ್ಯಾನೇಜರು ನಿಟ್ಟುಸಿರು ಬಿಟ್ಟು ಚಪ್ಪಲಿಗೆ ಕಾಲು ತೂರಿಸಿದರು. "ನೀವೇ ಬೇಡ ಅಂದ್ಮೇಲೆ ಮುಗೀತು. ಬಿಟ್ಟುಬಿಡ್ತೀವಿ."

"ಕೂತ್ಕೊಳಿ ಸ್ವಾಮಿ," ಎಂದರು ಜವರಪ್ಪನವರು. "ನಮ್ಮೋನು ಇನ್ನೂ ಹೇಳಿಲ್ಲ."

ಅವರು ಎದ್ದು ಪಂಚೆ ಎತ್ತಿ ಕಟ್ಟಿದರು. ನಡುಗೆರೆಯನ್ನು ಮುಟ್ಟಿ ಕೈಯನ್ನು ಹಣೆಗೊತ್ತಿಕೊಂಡರು.

"ಇಳಿ ಕೆಂಪರಾಜು. ದಾಳಿಗೆ ನಾನೇ ಬತ್ತೀನಿ."

"ಗುರುಗಳೇ, ಈ ವಯಸ್ಸಲ್ಲಿ..."

"ನಿನ್ನ ಮಂಡಿ ನನ್ನ ವಯಸ್ಸು, ಎರಡಕ್ಕೂ ಸರಿಹೋಯ್ತದೆ. ಆ ಹುಡುಗ ಮಾಡ್ದಂಗೇ ಮಾಡು. ಅವಸರಕ್ಕೆ ಬೀಳ್ತಾನೆ ಅಂದ್ಯಲ್ಲ, ಹಂಗೇ ಬೀಳು."

ಕೆಂಪರಾಜು ಇಳಿದ. ಇದರಲ್ಲಿ ಕಷ್ಟವೇನಿಲ್ಲ ಎಂದುಕೊಂಡ. ಮೊದಲೇ ಹೋಗಿ ಬಿದ್ದರೆ ಮುದುಕರು ಪಕ್ಕಕ್ಕೆ ಸರಿಯುತ್ತಾರೆ, ಮ್ಯಾನೇಜರು ಕಣ್ಣಾರೆ ನೋಡುತ್ತಾರೆ, ಕಥೆ ಮುಗಿಯುತ್ತದೆ.

ಬಲಮೂಲೆಗೆ ಹೋಗಿ ನಿಂತ. ಹುಡುಗನ ಹಾಗೆ ಮಾಡಬೇಕಾದರೆ ಮೊದಲು ಅವನ ಹಾಗೆ ನಿಲ್ಲಬೇಕಲ್ಲ. ಬೆನ್ನು ಬಗ್ಗಿಸಿದ. ಕೈ ಎರಡನ್ನೂ ಇಳಿಬಿಟ್ಟ. ಬಲಗಾಲಿನ ಹೆಬ್ಬೆರಳನ್ನು ಮಣ್ಣಿನೊಳಕ್ಕೆ ಊರಿದ.

"ಹೆಬ್ಬೆರಳು ಯಾಕಪ್ಪ ಹಂಗೆ ಊರಿದ್ದೀಯ?"

"ಅವ್ನು ಹಂಗೇ ಊರ್ತಾನೆ ಗುರುಗಳೇ. ಅದು ಒಳಗಿರೋ ತನಕ ಮುಂದಕ್ಕೆ ಹೋಗಲ್ಲ."

ಹೇಳಿದ ಮೇಲೆ ತುಟಿ ಕಚ್ಚಿಕೊಂಡ. ಗುರುಗಳು ಕೇಳಿಸದವರಂತೆ ಉಸಿರು ಕಟ್ಟಿ ಗೆರೆ ದಾಟಿದರು.

"ಕಬಡ್ಡಿ ಕಬಡ್ಡಿ ಕಬಡ್ಡಿ..."

ಕಾಲು ಮುಂದಕ್ಕೆ ಬಂತು. ಈಗ ಬೀಳು, ಎಂದುಕೊಂಡ ಕೆಂಪರಾಜು. ಹೆಬ್ಬೆರಳು ಏಳಲಿಲ್ಲ. ಕಾಲು ಹಿಂದೆ ಹೋಯಿತು, ಮತ್ತೆ ಬಂತು, ಆಸೆ ತೋರಿಸಿ ಮತ್ತೆ ಹೋಯಿತು. ಕೆಂಪರಾಜು ಕಾಯುತ್ತಲೇ ಇದ್ದ. ಮಂಡಿ ನೋಯುತ್ತಿತ್ತು. ಹುಡುಗನ ಮೇಲಿನ ಸಿಟ್ಟೂ ಹಾಗೇ ಇತ್ತು. ಮೈ ಮಾತ್ರ ಅವನ ಹಾಗೆಯೇ ನಿಂತುಬಿಟ್ಟಿತ್ತು.

ಗುರುಗಳು ವಾಪಸು ಹೊರಡಲು ತಿರುಗಿದರು. ಹಿಮ್ಮಡಿ ನೆಲ ಬಿಟ್ಟಿತಷ್ಟೆ, ಎರಡು ಕೈ ಬಂದು ಕಣಕಾಲನ್ನು ಹಿಡಿದವು. ಜವರಪ್ಪನವರು ಮಣ್ಣಿನಲ್ಲಿ ಮೆತ್ತಗೆ ಕೂತರು. ಕಬಡ್ಡಿ ನಿಂತಿತು.

"ಅವಸರ ಎಲ್ಲಪ್ಪ?" ಎಂದರು, ಏದುಸಿರು ಬಿಡುತ್ತ.

ಕೆಂಪರಾಜು ತಲೆ ಎತ್ತಲಿಲ್ಲ. "ಇಲ್ಲ ಗುರುಗಳೇ."

"ಪೊಗರು?"

"ಅದೂ ಇಲ್ಲ. ನಂಗೆ ನೀರು ಕೊಟ್ಟ. ನಾನೇ ಕುಡೀಲಿಲ್ಲ."

ಕಾಲು ಬಿಟ್ಟು ಎದ್ದ. ಕುಂಟುತ್ತ ಮ್ಯಾನೇಜರ ಮುಂದೆ ಹೋಗಿ ನಿಂತ.

"ಬಿಡಬೇಡಿ ಸ್ವಾಮಿ ಅವನನ್ನ. ಎಡಗೈ ಇನ್ನೂ ಗಟ್ಟಿಯಾಗ್ಬೇಕು, ಅದನ್ನ ತಿದ್ದಿಸ್ಕೊಳಿ. ಮಿಕ್ಕಿದ್ದು ಯಾರೂ ಕಲಿಸ್ಬೇಕಾದ್ದಿಲ್ಲ. ಅಂಥ ಬಲಮೂಲೆ ನಾನು ನೋಡಿಲ್ಲ." ಕೊನೆಗೆ, "ನಾನೂ ಆಡ್ತಿದ್ದೆ," ಎಂದು ಸೇರಿಸಿದ.

ಮ್ಯಾನೇಜರು ಅವನ ಕೈ ಕುಲುಕಿ ಹೊರಟರು.

ಗುರುಶಿಷ್ಯರು ಮೈಯ ಮಣ್ಣು ತೊಳೆಯಲು ಹೊಳೆಗಿಳಿದರು. ಕೆಂಪರಾಜು ಗುರುಗಳ ಬೆನ್ನುಜ್ಜಿದ.

"ಇನ್ಮೇಲೆ ಈ ಕೆಲಸಕ್ಕೆ ನನ್ನ ಕಳಿಸ್ಬ್ಯಾಡಿ, ಗುರುಗಳೇ."

"ಯಾಕಪ್ಪ?"

"ನಿಜ ಹೇಳಿದ ಮೇಲೂ ಹೊಟ್ಟೆ ಉರೀತಾನೇ ಅದೆ. ಇಷ್ಟು ಹೊಟ್ಟೆಕಿಚ್ಚು ಇಟ್ಕೊಂಡು ಇನ್ನೊಬ್ಬರ ಆಟ ಹೆಂಗೆ ನೋಡೋದು?"

ಜವರಪ್ಪನವರು ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಎರಚಿಕೊಂಡರು.

"ಅಲ್ಲಿ ಅಷ್ಟು ಜನ ಕೂತಿದ್ರಲ್ಲ ಕೆಂಪರಾಜು, ಹೊಟ್ಟೆಕಿಚ್ಚಿಲ್ಲದೋರು. ಅವರಲ್ಲಿ ಒಬ್ಬನಿಗಾದ್ರೂ ಆ ಹುಡುಗನ ಹೆಬ್ಬೆರಳು ಕಂಡಿತ್ತೇನಪ್ಪ?"