ನವಿಲುಬಣ್ಣದ ಅಕ್ಕ

ಮರದ ಗೊಂಬೆಗಳಿಗೆ ಬಣ್ಣ ಹಚ್ಚುವ ಚೌಡಮ್ಮನ ಹಲಗೆಗೆ ದ್ರವಸ್ಫಟಿಕದಿಂದ, ಅಂದರೆ ಲಿಕ್ವಿಡ್ ಕ್ರಿಸ್ಟಲ್‌ನಿಂದ, ಮಾಡಿದ ಹೊಸ ಬಣ್ಣವೊಂದು ಬಂತು. ಇತ್ತಿಂದ ನೋಡಿದರೆ ಹಸಿರು, ಅತ್ತಿಂದ ನೋಡಿದರೆ ನೀಲಿ ಎಂದು ಅದಕ್ಕೆ ಬಲು ಹೆಮ್ಮೆ. ಪಕ್ಕದ ಡಬ್ಬಿಯಲ್ಲಿದ್ದ ಕಪ್ಪಿಗೆ, “ಅತ್ತ ಸರಿ, ನನಗೆ ಮಸಿ ಮೆತ್ತೀತು” ಎಂದಿತು. ಕಪ್ಪು ಅತ್ತ ಸರಿಯಿತು.

ಚೌಡಮ್ಮ ಬಿಳಿ ಬಳಿದ ನವಿಲುಗೊಂಬೆಯ ಮೇಲೆ ಹೊಸ ಬಣ್ಣ ಹಚ್ಚಿದಳು. ಅದು ಅಕ್ಕಿ ತೊಳೆದ ನೀರಿನಂತೆ ಕಂಡಿತು. “ಇದರಲ್ಲಿ ಬಣ್ಣವೇ ಇಲ್ಲವಲ್ಲ! ಬಿಸಾಕಬೇಕಷ್ಟೆ” ಎಂದು ಬೇಸರಪಟ್ಟಳು. ಹೊಸ ಬಣ್ಣ ಬಿಕ್ಕಿ ಬಿಕ್ಕಿ ಅತ್ತಿತು.

“ಅಳಬೇಡ ತಂಗಿ,” ಎಂದಿತು ಕಪ್ಪು. “ನಿನ್ನ ಬಣ್ಣ ಎಲ್ಲೂ ಹೋಗಿಲ್ಲ, ಬಿಳಿಯ ಬೆಳಕಿನಲ್ಲಿ ಮುಳುಗಿದೆ. ಅವಳು ಕುಂಚ ಒರೆಸುವ ಬಟ್ಟೆಯಲ್ಲಿ ನಾನು ಒಣಗಿಕೊಂಡಿದ್ದೇನೆ. ಅಲ್ಲಿ ನನ್ನ ಮೇಲೆ ಬಂದು ಕೂರು. ಹೆಚ್ಚಿನ ಬೆಳಕನ್ನೆಲ್ಲ ನಾನು ನುಂಗಿಕೊಳ್ಳುತ್ತೇನೆ.”

ಚೌಡಮ್ಮ ಕುಂಚ ಒರೆಸಿದಳು. ಬಟ್ಟೆಯಲ್ಲಿ ಒಣಗಿದ್ದ ಕಪ್ಪಿನ ಮೇಲೆ ಹಸಿರು ಹೊಳೆಯಿತು, ಬಟ್ಟೆ ಓರೆಯಾದಾಗ ನೀಲಿಯಾಯಿತು. ಅವಳು ನವಿಲಿಗೆ ಮೊದಲು ಕಪ್ಪು ಬಳಿದು, ಅದರ ಮೇಲೆ ಹೊಸ ಬಣ್ಣ ಹಚ್ಚಿದಳು. ನೋಡಿದವರೆಲ್ಲ ಹೊಸ ಬಣ್ಣವನ್ನೇ ಹೊಗಳಿದರು. ಕೆಳಗಿದ್ದ ಕಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಮರುದಿನ ಇನ್ನೊಂದು ನವಿಲು ಹಲಗೆಗೆ ಬಂತು. ಕುಂಚ ನೇರವಾಗಿ ಹೊಸ ಬಣ್ಣದ ಡಬ್ಬಿಗೇ ಇಳಿಯಿತು.

ಹೊಸ ಬಣ್ಣ ತಾನೇ ಪಕ್ಕಕ್ಕೆ ಸರಿದು, “ತಡಿ, ಮೊದಲು ನಮ್ಮಕ್ಕ ಬರಲಿ” ಎಂದಿತು.