ಕೆಳಗಿನ ಹೊಂಡದ ನೀರು

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಕೊಳವಿತ್ತು. ಅದರಲ್ಲಿ ನೂರಾರು ಕಪ್ಪೆಗಳು, ಅವಕ್ಕೆಲ್ಲ ಒಬ್ಬ ಯಜಮಾನ, ಚಿಪ್ಪಯ್ಯನೆಂಬ ಆಮೆ. ಅಲ್ಲಿನ ರಾಜ್ಯಭಾರ ಬಲು ಸುಲಭ. ಯಾವ ಕೂಗು ಜೋರೋ ಅದೇ ಕಾನೂನು. ಕೂಗಿಗೆ ಎದುರಾಡಿದ ಹಿಂದಿನ ಯಜಮಾನ ಒಂದೇ ದಿನದಲ್ಲಿ ಯಜಮಾನಿಕೆಯ ಬಂಡೆ ಕಳೆದುಕೊಂಡಿದ್ದ. ಚಿಪ್ಪಯ್ಯನಿಗೋ ಆ ಬಂಡೆಯೆಂದರೆ ಪ್ರಾಣ. ಬಿಸಿಲು ಕಾಯಲು ಅಂಥ ಜಾಗ ಇನ್ನೊಂದಿರಲಿಲ್ಲ.

ಕೊಳದ ಏರಿಯಲ್ಲಿ ನಿಮ್ಮ ಕಿರುಬೆರಳು ತೂರುವಷ್ಟು ಒಂದು ತೂತು. ಅದರಿಂದ ಸಣ್ಣಗೆ ಹರಿಯುವ ನೀರೇ ಕೆಳಗಿನ ಹೊಂಡಕ್ಕೆ ಜೀವ. ಅಲ್ಲಿ ಕೆಲವು ಬಡಪಾಯಿ ಕಪ್ಪೆಗಳಿದ್ದವು. ಮಧ್ಯಾಹ್ನ ಹೊರಳಾಡಲು ಎಮ್ಮೆಗಳೂ ಬರುತ್ತಿದ್ದವು.

ಒಂದು ಬೇಸಿಗೆಯಲ್ಲಿ ಗಂಟಲಮ್ಮನೆಂಬ ಕಪ್ಪೆ ಕೂಗಿದಳು: "ನಮ್ಮ ಅರ್ಧ ನೀರು ಪರರ ಪಾಲಾಗ್ತಿದೆ!"

"ನೀನು ನೋಡಿದ್ಯಾ?" ಎಂದು ಪಕ್ಕದವಳು ಕೇಳಿದಳು.

"ನೋಡೋದೇನು ಬಂತು, ಎಲ್ಲರೂ ಹೇಳ್ತಾರೆ!"

ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಸಂಜೆಯೊಳಗೆ ಎಲ್ಲರೂ ಹೇಳತೊಡಗಿದರು.

ತೂತು ಎಷ್ಟು ಸಣ್ಣದೆಂದು ಚಿಪ್ಪಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಹೇಳೋಣವೆಂದು ಕತ್ತು ಹೊರಚಾಚಿದ. ಕೂಗು ಕಿವಿಗೆ ಬಿದ್ದದ್ದೇ ಒಳಗೆಳೆದುಕೊಂಡ. "ಜನರ ಮಾತೇ ನನ್ನ ಮಾತು," ಎಂದು ಚಿಪ್ಪಿನೊಳಗಿಂದಲೇ ಹೇಳಿ, ತೂತಿಗೆ ಜೇಡಿಮಣ್ಣು ಮೆತ್ತಿಸಿದ. ಜಯಕಾರವೋ ಜಯಕಾರ!

ಕೆಳಗಿನ ಹೊಂಡದ ಮುದಿ ಕಪ್ಪೆ ಕೆಸರವ್ವ ಏದುಸಿರು ಬಿಡುತ್ತ ಏರಿ ಹತ್ತಿ ಬಂದಳು.

"ಯಜಮಾನ್ರೇ, ನಮ್ಮ ಗೊದಮೊಟ್ಟೆ ಮರಿಗಳು ಕೆಸರಲ್ಲಿ ಒದ್ದಾಡ್ತಿವೆ. ಚೂರು ನೀರು ಬಿಡಿ."

"ನನಗೂ ಕರುಳು ಚುರ್ ಅನ್ನುತ್ತಮ್ಮ. ಏನು ಮಾಡ್ಲಿ, ಜನ ಒಪ್ಪಬೇಕಲ್ಲ!" ಎಂದ ಚಿಪ್ಪಯ್ಯ. ನಿಜಕ್ಕೂ ಅವನಿಗೆ ನಾಚಿಕೆಯಾಗಿತ್ತು. ಬಂಡೆ ಮಾತ್ರ ಹಿತವಾಗಿ ಬೆಚ್ಚಗಿತ್ತು.

ವಾರದೊಳಗೆ ಹೊಂಡ ಬತ್ತಿಹೋಯಿತು. ಎಮ್ಮೆಗಳು ನೀರು ಹುಡುಕುತ್ತ ಸೀದಾ ಮೇಲಿನ ಕೊಳಕ್ಕೆ ಬಂದು ಇಳಿದವು. ನಾಲ್ಕೇ ದಿನ! ಕಪ್ಪೆಗಳ ಮೊಟ್ಟೆಯೆಲ್ಲ ಗೊರಸಿನಡಿ ಅಪ್ಪಚ್ಚಿಯಾಯಿತು, ಕೊಳ ರಾಡಿಯೆದ್ದಿತು, ನೀರು ಈಗ ನಿಜಕ್ಕೂ ಅರ್ಧಕ್ಕಿಳಿಯಿತು.

"ತೂತು ಮುಚ್ಚಿಸಿದ ಪುಣ್ಯಾತ್ಮ ಯಾರು? ಈಗಿಂದೀಗಲೇ ತೆಗೆಸಿ! ಎಮ್ಮೆಗಳು ಕೆಳಗೆ ಹೋಗಲಿ!" ಎಂದು ಮೊದಲು ಕೂಗಿದವಳು ಗಂಟಲಮ್ಮನೇ. ಉಳಿದವರೂ ದನಿಗೂಡಿಸಿದರು.

"ಜನರ ಮಾತೇ ನನ್ನ ಮಾತು," ಎಂದು ಚಿಪ್ಪಯ್ಯ ತನ್ನಿಂದಾದಷ್ಟು ಬೇಗ ತೆವಳಿಕೊಂಡು ಹೋಗಿ ಮಣ್ಣು ಕಿತ್ತ.

ಒಂದು ಹನಿಯೂ ಹರಿಯಲಿಲ್ಲ. ಕೊಳದ ನೀರು ತೂತಿಗಿಂತ ಒಂದು ಗೇಣು ಕೆಳಗಿತ್ತು.

ನೀತಿ: ನಿಜ ಗೊತ್ತಿದ್ದೂ ಕೂಗಿಗೆ ಹೆದರಿ ಬಾಯಿ ಮುಚ್ಚಿಕೊಂಡ ಯಜಮಾನ ನೆರೆಯವರನ್ನೂ ಕಾಯಲಾರ, ಕೂಗಿದವರನ್ನೂ ಕಾಯಲಾರ.