ಲೇಯಾಬಾಯಿ ಮಲೀದಾದ ಹರಕೆ ತೀರಿಸಿದ ಕಥೆ

ಕೈ ತೊಳೆದು ದೀಪದ ಸುತ್ತ ಕೂತವರೆಲ್ಲ ಕೇಳಿರಿ. ಹರಿವಾಣದ ಮೇಲೆ ಬಟ್ಟೆ ಮುಚ್ಚಿರಲಿ, ಕಥೆ ಮುಗಿಯುವ ತನಕ ಯಾರೂ ಕೈ ಹಾಕಬೇಡಿ.

ಹೊಳೆಯು ಸಮುದ್ರ ಸೇರುವ ಒಂದು ಊರಿನಲ್ಲಿ ಬಿನ್ಯಾಮಿನನೆಂಬ ಯಹೂದಿ ಗಾಣಿಗನೂ ಅವನ ಹೆಂಡತಿ ಲೇಯಾಬಾಯಿಯೂ ಇದ್ದರು. ಸಬ್ಬತ್ತಿನ ವಿಶ್ರಾಂತಿಗೆಂದು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ಶನಿವಾರದ ಗಾಣಿಗರೆಂದೇ ಕರೆಯುತ್ತಿದ್ದರು. ಒಂದು ವರ್ಷ ಬಿನ್ಯಾಮಿನನು ಎಣ್ಣೆಯ ಕೊಡಗಳನ್ನು ದೋಣಿಗೆ ಹೇರಿ ದೂರದ ಬಂದರಿಗೆ ಹೋದವನು ಎರಡು ತಿಂಗಳಾದರೂ ಬಾರದಿರಲು, ಲೇಯಾಬಾಯಿಯು ದಾರಿಹೋಕನ ವೇಷದಲ್ಲಿ ಬಂದು ಕಷ್ಟ ಕಳೆಯುವನೆಂದು ಯಹೂದಿಗಳು ನಂಬುವ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ದೇವರಿಗೆ ಹರಕೆ ಹೊತ್ತು, ಗಂಡ ಕ್ಷೇಮವಾಗಿ ಬಂದರೆ ಸಿಹಿ ಅವಲಕ್ಕಿಯ ಮಲೀದಾ ಮಾಡಿ ಇಡೀ ಕೇರಿಗೆ ಹಂಚುವೆನೆಂದು ಮನಸ್ಸಿನಲ್ಲೇ ಅಂದುಕೊಂಡಳು. ಎಂಟನೆಯ ದಿನವೇ ಅವನು ಬಂದನು.

ಬಂದ ಸಂಭ್ರಮದಲ್ಲಿ ಲೇಯಾಬಾಯಿಗೆ ದೊಡ್ಡಸ್ತಿಕೆ ಹತ್ತಿತು. ಬರೀ ಅವಲಕ್ಕಿ ಕೊಟ್ಟರೆ ನೆಂಟರು ಏನೆಂದಾರು ಎಂದುಕೊಂಡು, ಕೇರಿಯವರನ್ನು ಬಿಟ್ಟು ನೆಂಟರನ್ನಷ್ಟೇ ಕರೆದು, ಕುರಿಮಾಂಸದ ಊಟವಿಟ್ಟು, ತಮ್ಮ ಹೊಸವರ್ಷದ ಹಬ್ಬಕ್ಕೆ ತೆಂಗಿನ ಹಾಲಿನಲ್ಲಿ ಮಾಡುವ ಗೋಧಿ ಹಲ್ವಾವನ್ನು ಎಮ್ಮೆಹಾಲು, ತುಪ್ಪದಲ್ಲಿ ಕಾಸಿ ಬಡಿಸಿದಳು. ಗಂಡನ ಚಿಕ್ಕಮ್ಮ ಹನ್ನಾಬಾಯಿ ಮೂಸಿ ನೋಡಿ, "ಮಾಂಸದ ಎಲೆಗೆ ಹಾಲಿನ ಹಲ್ವಾ ಬಡಿಸಿದೆಯಲ್ಲೇ ತಾಯಿ, ನೀನು ನಮ್ಮ ಮನೆಯ ಸೊಸೆಯಾಗಿ ಎಷ್ಟು ದಿನವಾಯಿತು?" ಎಂದಳು. ಮಾಂಸದೊಡನೆ ಹಾಲು ಉಣ್ಣುವುದು ಅವರ ಧರ್ಮಕ್ಕೆ ನಿಷಿದ್ಧವಾದ್ದರಿಂದ ನೆಂಟರೆಲ್ಲ ಎಲೆ ಬಿಟ್ಟೆದ್ದರು. ಹರಕೆ ಹಾಗೆಯೇ ಉಳಿಯಿತು.

ಮರುವಾರ ಹೊರಟ ಬಿನ್ಯಾಮಿನನು ಮೂರು ತಿಂಗಳಾದರೂ ಬರಲಿಲ್ಲ. ಜತೆಗೆ ಹೋದ ದೋಣಿಗಳೆಲ್ಲ ಬಂದವು. ಗಾಣ ನಿಂತಿತು. ಒಂದು ಭಾನುವಾರ ಬೆಳಿಗ್ಗೆ ಧೂಳುಗಾಲಿನ ಮುದುಕನೊಬ್ಬನು ಬಂದು ಜಗಲಿಯಲ್ಲಿ ಕೂತು, "ತಿನ್ನಲು ಏನಿದೆ ಮಗಳೇ?" ಎನ್ನಲು, "ಒಂದು ಸೇರು ಅವಲಕ್ಕಿ, ಒಂದು ತೆಂಗಿನಕಾಯಿ, ಚೂರು ಸಕ್ಕರೆ ಏಲಕ್ಕಿ, ಅಷ್ಟೇ ಅಜ್ಜಾ" ಎಂದಳು.

"ಹರಕೆಗೆ ಇನ್ನೇನು ಬೇಕಿತ್ತು?"

ಲೇಯಾಬಾಯಿ ತಿರುಗಿ ಮುದುಕನ ಮುಖವನ್ನೇ ನೋಡಿದಳು. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. "ಇಷ್ಟರಲ್ಲಿ ಇಡೀ ಕೇರಿಗೆ ಹೇಗೆ ಸಾಲುತ್ತದೆ?" ಎಂದರೆ, "ಕರೆಯುವುದಷ್ಟೇ ನಿನ್ನ ಕೆಲಸ" ಎಂದನು.

ಅವಳು ಅವಲಕ್ಕಿ ತೊಳೆದು, ಅರಳಲು ಬಿಟ್ಟು, ಕಾಯಿ ತುರಿದು, ಸಕ್ಕರೆ ಏಲಕ್ಕಿ ಬೆರೆಸಿ, ಹಾಲು ತುಪ್ಪದ ಹನಿಯೂ ಸೋಕದಂತೆ ಕಲಸಿಟ್ಟು, ಬರಿಗಾಲಲ್ಲಿ ಮನೆಮನೆಗೆ ಓಡಿದಳು. ಮೀನು ಮಾರುವ ದೇವಮ್ಮ ಬಾಳೆಗೊನೆ ಹೊತ್ತು ಬಂದು, "ಹಲ್ವಾ ಮುಗಿಯಿತೇನೇ, ಈಗ ನಮ್ಮ ನೆನಪಾಯಿತು?" ಎಂದು ಚುಚ್ಚಿ, ನಕ್ಕು, ಪಕ್ಕದಲ್ಲೇ ಕೂತಳು. ಖಾತೂನ್‌ಬಿ ಖರ್ಜೂರ ತಂದಳು. ಪುರೋಹಿತರ ಮನೆಯಿಂದ ಮೂರು ಸೇರು ಅವಲಕ್ಕಿ ಬಂತು. ಹನ್ನಾಬಾಯಿ ತಾನೇ ದೀಪ ಹಚ್ಚಿದಳು. ಹರಿವಾಣ ಸಾಲದೆ ದೊಡ್ಡ ಕೊಪ್ಪರಿಗೆ ಇಳಿಸಿ ಕಲಸಿದರು. ಪ್ರಾರ್ಥನೆಯಾಗಿ, ಎಲ್ಲರಿಗೂ ಹಂಚಿ, ಉಳಿದ ಕೊನೆಯ ಹಿಡಿಯನ್ನು ಮುದುಕನಿಗೆ ಒಯ್ದರೆ ಜಗಲಿ ಬರಿದು. ಅಷ್ಟರಲ್ಲಿ ದಡದಿಂದ "ಹಾಯಿ ಕಂಡಿತು, ಹಾಯಿ ಕಂಡಿತು" ಎಂಬ ಕೂಗು ಕೇಳಿ ಕೇರಿಗೆ ಕೇರಿಯೇ ಓಡಿತು.

ದೋಣಿಯಿಂದ ಇಳಿದ ಬಿನ್ಯಾಮಿನನು, "ದಿಕ್ಕು ತಪ್ಪಿ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದೆ. ಸುತ್ತ ನೀರೇ ಇದ್ದರೂ ಕಾಲೆಲ್ಲ ಧೂಳಾಗಿದ್ದ ಮುದುಕನೊಬ್ಬ ಬಂದು, ಏಳು, ನಿನ್ನ ಮನೆಗೆ ಎಲ್ಲರೂ ಬರುತ್ತಿದ್ದಾರೆ, ನೀನೊಬ್ಬನೇ ಬಾಕಿ ಎಂದು ದಾರಿ ತೋರಿದ" ಎಂದನು. ಲೇಯಾಬಾಯಿ ಕೈಯಲ್ಲೇ ಇದ್ದ ಆ ಕೊನೆಯ ಹಿಡಿಯನ್ನು ಅವನ ಬಾಯಿಗಿಟ್ಟಳು.

ಈ ಕಥೆ ಹೇಳಿದವರ ಮನೆಗೂ ಕೇಳಿದವರ ಮನೆಗೂ, ಯಾವ ಕುಲದವರೇ ಆಗಿರಲಿ, ಹೋದವರು ಕ್ಷೇಮವಾಗಿ ಬರಲಿ. ಈಗ ಬಟ್ಟೆ ತೆಗೆಯಿರಿ. ಮೊದಲ ಹಿಡಿ ಪಕ್ಕದ ಮನೆಗೆ ಹೋಗಲಿ.